ಹೊಗೆಯ ಖರ್ಚು ಯಾರ ಖಾತೆಗೆ?

ತುಂಬಾ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಉದ್ದವಾದರೂ ದಯವಿಟ್ಟು ಓದಿ.

ಇವತ್ತು ಬೆಳಗ್ಗೆ ಒಂದು ಸಭೆಯಲ್ಲಿ ಕೂತಿದ್ದೆ. ನಾನು ಲೆಕ್ಕಪತ್ರ ನೋಡುವವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಇಂಥ ಸಭೆಗೆ ನನ್ನನ್ನು ಕರೆಯುವುದು ಅಂಕಿ ಓದಿ ಹೇಳಲಿಕ್ಕೆ, ಅಷ್ಟೇ. ಒಂದು ಕಾರ್ಖಾನೆಯ ಚಿಮಣಿಗೆ ಧೂಳು ಹಿಡಿಯುವ ಹೊಸ ಫಿಲ್ಟರ್ ಹಾಕಬೇಕೋ ಬೇಡವೋ ಅನ್ನುವುದು ವಿಷಯ. ಹಾಳೆಯಲ್ಲಿ ಯಂತ್ರದ ಬೆಲೆ ಇತ್ತು, ಕರೆಂಟ್ ಖರ್ಚು ಇತ್ತು, ವರ್ಷದ ರಿಪೇರಿ ಖರ್ಚೂ ಇತ್ತು. ಫಿಲ್ಟರ್ ಹಾಕದಿದ್ದರೆ ಆಗುವ ನಷ್ಟ ಅನ್ನುವ ಜಾಗದಲ್ಲಿ ಮಾತ್ರ ಸೊನ್ನೆ. "ಸದ್ಯಕ್ಕೆ ಇದು ವ್ಯರ್ಥ ಖರ್ಚು, ಮುಂದಿನ ವರ್ಷ ನೋಡೋಣ ಬಿಡಿ" ಅಂದರು ಹಿರಿಯರೊಬ್ಬರು. ಉಳಿದವರು ತಲೆಯಾಡಿಸಿದರು. ಮುಂದಿನ ವಿಷಯಕ್ಕೆ ಹೋದರು.

ಸೊನ್ನೆ! ಯಾರ ಲೆಕ್ಕದಲ್ಲಿ ಸೊನ್ನೆ?

ನನ್ನ ತಂಗಿಯ ಮಗಳಿಗೆ ಉಬ್ಬಸ ಇರುವುದು ಇಲ್ಲಿ ಹಲವರಿಗೆ ಗೊತ್ತು. ಉಬ್ಬಸ ಎದ್ದ ರಾತ್ರಿ ಆ ಮಗುವಿನ ಪಕ್ಕ ಕೂತು ನೋಡಬೇಕು ನೀವು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸರಿಯುತ್ತದೆ, ಕೊರಳ ಬುಡದಲ್ಲಿ ಗುಳಿ ಬೀಳುತ್ತದೆ. ನೆಬ್ಯುಲೈಸರ್ ಗುರ್ ಅನ್ನುತ್ತಲೇ ಇರುತ್ತದೆ, ಮಾಸ್ಕಿನ ಎರಡೂ ಬದಿಯಿಂದ ಬಿಳಿ ಆವಿ ಬರುತ್ತಿರುತ್ತದೆ. ನೀರು ಬೇಕು ಅನ್ನಲು ಉಸಿರು ಸಾಲದೆ ಅವಳು ಲೋಟದ ಕಡೆ ಬೆರಳು ತೋರಿಸುತ್ತಾಳೆ. ಮರುದಿನ ಶಾಲೆ ತಪ್ಪುತ್ತದೆ. ತಂಗಿ ಕೆಲಸಕ್ಕೆ ಹೋಗುವುದಿಲ್ಲ, ಹೋಗದ ದಿನಕ್ಕೆ ಸಂಬಳ ಇಲ್ಲ. ಡಾಕ್ಟರ್ ಫೀಸು, ಇನ್‌ಹೇಲರ್, ಗಾಡಿ ಬಾಡಿಗೆ ಎಲ್ಲ ಮನೆಯ ಜೇಬಿನಿಂದಲೇ. ಆ ಒಂದೊಂದು ರಾತ್ರಿಗೂ ಗಾಳಿಯೇ ಕಾರಣ ಅಂತ ನಾನು ಹೇಳುತ್ತಿಲ್ಲ, ಉಬ್ಬಸ ಕೆರಳಲು ಕಾರಣಗಳು ಹಲವು. ಆದರೆ ಗಾಳಿ ಕೆಟ್ಟ ದಿನಗಳಲ್ಲಿ ಉಬ್ಬಸ ಜಾಸ್ತಿಯಾಗುತ್ತದೆ, ಆಸ್ಪತ್ರೆಗೆ ಬರುವ ಮಕ್ಕಳೂ ಜಾಸ್ತಿಯಾಗುತ್ತಾರೆ ಅನ್ನುವುದು ಎಷ್ಟೋ ದೇಶಗಳಲ್ಲಿ ಮತ್ತೆ ಮತ್ತೆ ಅಳೆದು ನೋಡಿದ ಸಂಗತಿ.

ಕೆಟ್ಟ ಗಾಳಿಯಲ್ಲಿ ತೇಲುವ ಪಿಎಂ 2.5 ಅನ್ನುವ ಸಣ್ಣ ಕಣ ಕಣ್ಣಿಗೆ ಬೀಳುವ ಧೂಳಲ್ಲ. ಅದರ ಅಡ್ಡಳತೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು 30ರಲ್ಲಿ ಒಂದು ಪಾಲು. ದೊಡ್ಡ ಧೂಳನ್ನು ಮೂಗು, ಗಂಟಲು ತಡೆಯುತ್ತವೆ, ಸೀನಿಯೋ ಕೆಮ್ಮಿಯೋ ಹೊರಗೆ ಹಾಕುತ್ತೇವೆ. ಇದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗುತ್ತದೆ. ಅದರಲ್ಲೂ ತೀರಾ ಸಣ್ಣವು ರಕ್ತಕ್ಕೇ ಸೇರುತ್ತವೆ. ಅದಕ್ಕೇ ಇದರ ಪೆಟ್ಟು ಕೆಮ್ಮಿಗೆ ನಿಲ್ಲುವುದಿಲ್ಲ. ಹೃದಯಾಘಾತ, ಪಾರ್ಶ್ವವಾಯು, ಕಡಿಮೆ ತೂಕದ ಕೂಸು, ಕ್ಯಾನ್ಸರ್ ತನಕ ಹೋಗುತ್ತದೆ. ಹೊರಗಿನ ಗಾಳಿಯ ಮಾಲಿನ್ಯ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೇಳಿದೆ. ಡೀಸೆಲ್, ಕಲ್ಲಿದ್ದಲು, ಸುಡುವ ಕಸ, ಕಟ್ಟಿಗೆ ಒಲೆ ಎಲ್ಲದರಿಂದಲೂ ಈ ಕಣ ಬರುತ್ತದೆ. ಚಿಮಣಿಯಿಂದ ಅನಿಲವಾಗಿ ಹೊರಟ ಗಂಧಕದ ಡೈಆಕ್ಸೈಡ್ ಕೂಡ ಗಾಳಿಯಲ್ಲಿ ಬದಲಾಗಿ ಇಂಥದೇ ಕಣವಾಗುತ್ತದೆ. ಹಾಗಾಗಿ "ನಮ್ಮ ಚಿಮಣಿಯಿಂದ ಕಪ್ಪು ಹೊಗೆ ಎಲ್ಲಿ ಬರ್ತಿದೆ ತೋರಿಸಿ" ಅನ್ನುವ ಮಾತಿಗೆ ಬೆಲೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಅಕಾಲದಲ್ಲಿ ಸತ್ತವರು ಸುಮಾರು 42 ಲಕ್ಷ ಜನ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಪಿಎಂ 2.5ರ ವರ್ಷದ ಸರಾಸರಿಗೆ ಆ ಸಂಸ್ಥೆ ಹಾಕಿದ್ದ ಮಿತಿ ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ. ಅದಕ್ಕಿಂತ ಕಡಿಮೆ ಇದ್ದರೂ ಜನಕ್ಕೆ ತೊಂದರೆ ಆಗುತ್ತಿದೆ ಅಂತ ಕಂಡಮೇಲೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಸಭೆಯಲ್ಲಿ ಕೇಳಿಸುವುದು ಅದೊಂದೇ ಅಲ್ವಾ. ವಿಶ್ವ ಬ್ಯಾಂಕ್ 2022ರಲ್ಲಿ ಕೊಟ್ಟ ಲೆಕ್ಕದಂತೆ, ಪಿಎಂ 2.5ರಿಂದ 2019ರಲ್ಲಿ ಜಗತ್ತಿನ ಜನರ ಆರೋಗ್ಯಕ್ಕೆ ಆದ ಹಾನಿಯ ಬೆಲೆ 8.1 ಲಕ್ಷ ಕೋಟಿ ಡಾಲರ್. ಜಗತ್ತಿನ ಒಟ್ಟು ಉತ್ಪನ್ನದ 6.1%. ನಮ್ಮ ಹಾಳೆಯಲ್ಲಿ ಅದು ಸೊನ್ನೆ.

ಇಷ್ಟು ದೊಡ್ಡ ಅಂಕಿ ತಲೆಗೆ ಹೋಗದಿದ್ದರೆ ಒಂದೇ ಒಂದು ಶೆಡ್ಡಿನ ಕಥೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಪೇರ್ ಹಣ್ಣು ಪ್ಯಾಕ್ ಮಾಡುವ ಕೆಲಸಗಾರರ ಮೇಲೆ ಒಂದು ಅಧ್ಯಯನ ನಡೆಯಿತು, ಅದು ಅಚ್ಚಾಗಿದ್ದು 2016ರಲ್ಲಿ. ಅವರು ಕೆಲಸ ಮಾಡುತ್ತಿದ್ದುದು ಒಳಗೆ, ಸೂರಿನ ಕೆಳಗೆ. ಎಷ್ಟು ಪ್ಯಾಕ್ ಮಾಡಿದರೋ ಅಷ್ಟಕ್ಕೆ ಕೂಲಿ, ಹಾಗಾಗಿ ಯಾರೂ ಬೇಕಂತ ನಿಧಾನ ಮಾಡುವುದಿಲ್ಲ. ಹೊರಗೆ ಪಿಎಂ 2.5 ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಒಳಗಿನವರ ದುಡಿಮೆ ಗಂಟೆಗೆ ಸುಮಾರು 6% ಇಳಿಯುತ್ತಿತ್ತು. ಅವರು ಆಸ್ಪತ್ರೆ ಸೇರಿದವರಲ್ಲ, ರಜೆ ಹಾಕಿದವರೂ ಅಲ್ಲ. ದಿನವೂ ಕೆಲಸಕ್ಕೆ ಬಂದು, ಎಂದಿನ ಹಾಗೆ ನಿಂತು ದುಡಿದವರು. ಯಾಕೆ ಇವತ್ತು ಕೈ ಓಡುತ್ತಿಲ್ಲ ಅಂತ ಅವರಿಗೇ ಗೊತ್ತಾಗಿರಲಿಕ್ಕಿಲ್ಲ, ಆದರೆ ಕೂಲಿ ಮಾತ್ರ ಕಡಿಮೆಯಾಗಿತ್ತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. ಫಿಲ್ಟರ್ ಬೇಡ ಅಂದವರು ಉಳಿಸಿದ ದುಡ್ಡು ಇಂಥವರ ಕೂಲಿಯಿಂದ ಹೋಗುತ್ತಿದೆ. ಖರ್ಚು ಉಳಿಯಲಿಲ್ಲ ಸ್ವಾಮಿ, ಬೇರೆಯವರ ಖಾತೆಗೆ ಹೋಯಿತು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕೆಲವರು ಈಗಲೇ ಕಾಮೆಂಟ್ ಬರೆಯಲು ಶುರು ಮಾಡಿರುತ್ತೀರಿ, ಗೊತ್ತು. "ಮೊದಲು ಹೊಟ್ಟೆ ತುಂಬಲಿ, ಆಮೇಲೆ ಗಾಳಿ. ಕಾರ್ಖಾನೆ ಮುಚ್ಚಿದರೆ ಕೆಲಸ ಯಾರು ಕೊಡ್ತಾರೆ?" ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಮುಚ್ಚಿ ಅಂದವರು ಯಾರು? ಕೇಳಿದ್ದು ಫಿಲ್ಟರ್. ಅಮೆರಿಕದ ಯೂಟಾ ಕಣಿವೆಯಲ್ಲಿ ಒಂದು ಉಕ್ಕಿನ ಕಾರ್ಖಾನೆ ಕಾರ್ಮಿಕರ ವಿವಾದದಿಂದಾಗಿ 1986ರಿಂದ 1987ರ ತನಕ ಒಂದು ವರ್ಷಕ್ಕೂ ಜಾಸ್ತಿ ಮುಚ್ಚಿತ್ತು. ಆರ್ಡೆನ್ ಪೋಪ್ ಅನ್ನುವ ಅರ್ಥಶಾಸ್ತ್ರಜ್ಞ ಅಲ್ಲಿನ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದಾಗ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಉಬ್ಬಸ ಅಂತ ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಮುಚ್ಚಿದ್ದಾಗಿನದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಕಾರ್ಮಿಕರ ಮನೆಗಳಿಗೆ ಕಷ್ಟ ಆಗಿಲ್ಲ ಅಂತ ನಾನು ಹೇಳಲಾರೆ, ಖಂಡಿತ ಆಗಿರುತ್ತದೆ. ಆದರೆ ಸಂಬಳವೋ ಮಗುವಿನ ಉಸಿರೋ, ಎರಡರಲ್ಲಿ ಒಂದು ಆರಿಸಿಕೋ ಅಂತ ತಂದೆ ತಾಯಿಯ ಮುಂದೆ ಇಡುವುದು ಎಂಥ ನ್ಯಾಯ?

ಎರಡೂ ಸಾಧ್ಯ ಅಂತ ಗೊತ್ತಾಗಿ ಎಷ್ಟೋ ವರ್ಷ ಆಯಿತು. ಅಮೆರಿಕದ ಪರಿಸರ ಇಲಾಖೆಯೇ 2011ರಲ್ಲಿ ಲೆಕ್ಕ ಹಾಕಿತ್ತು. 1990ರ ವಾಯು ಕಾಯ್ದೆ ತಿದ್ದುಪಡಿಗಳಿಗೆ 2020ನೇ ಒಂದು ವರ್ಷದಲ್ಲಿ ತಗಲುವ ಖರ್ಚು ಸುಮಾರು 6,500 ಕೋಟಿ ಡಾಲರ್, ಸಿಗುವ ಲಾಭ ಸುಮಾರು 2 ಲಕ್ಷ ಕೋಟಿ ಡಾಲರ್. ಹಾಕಿದ್ದಕ್ಕೆ 30 ಪಟ್ಟು! ಆ ಲಾಭದ ಬಹುಪಾಲು ಈ ಸಣ್ಣ ಕಣ ಕಡಿಮೆಯಾಗಿ ಉಳಿದ ಜೀವಗಳದ್ದು. 1970ರಿಂದ 2020ರ ನಡುವೆ ಅಲ್ಲಿ ಮುಖ್ಯವಾದ ಆರು ಮಾಲಿನ್ಯಗಳು ಒಟ್ಟು 78% ಇಳಿದವು, ಅದೇ ಹೊತ್ತಿನಲ್ಲಿ ಆರ್ಥಿಕತೆ ಮೂರು ಪಟ್ಟಿಗಿಂತ ಜಾಸ್ತಿ ಬೆಳೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಸುಧಾರಿಸುತ್ತಾ ಹೋದ ಹಾಗೆ ಆಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಮೊದಲಿನವರಿಗಿಂತ ಚೆನ್ನಾಗಿ ಬೆಳೆದಿದ್ದನ್ನೂ ಅಳೆದಿದ್ದಾರೆ. ಇನ್ನೂ ಯಾವ ಪುರಾವೆ ಬೇಕು?

ನನಗೆ ಜಾಸ್ತಿ ನೋವಾಗುವುದು ಇದು ಯಾರ ತಲೆಗೆ ಬೀಳುತ್ತದೆ ಅನ್ನುವುದಕ್ಕೆ. ದುಡ್ಡಿದ್ದವರು ಕಿಟಕಿ ಮುಚ್ಚಿ ಏರ್ ಪ್ಯೂರಿಫೈಯರ್ ಹಾಕಿಕೊಳ್ಳುತ್ತಾರೆ. ರಸ್ತೆ ಗುಡಿಸುವವರು, ಸಿಗ್ನಲ್‌ನಲ್ಲಿ ನಿಲ್ಲುವ ಪೊಲೀಸರು, ಹೆದ್ದಾರಿ ಪಕ್ಕದಲ್ಲೇ ಬಾಡಿಗೆ ಕಡಿಮೆ ಅಂತ ಮನೆ ಮಾಡಿದವರು ಏನು ಮುಚ್ಚಿಕೊಳ್ಳಬೇಕು? ಕಾಯಿಲೆ ಬಿದ್ದರೆ ಸಾಲ, ಸಾಲ ತೀರಿಸಲು ಮತ್ತೆ ಅದೇ ರಸ್ತೆ, ಅದೇ ಹೊಗೆ. ಈ ಸುತ್ತಾಟ ಯಾವ ಕಂಪನಿಯ ವರದಿಯಲ್ಲೂ ಇರುವುದಿಲ್ಲ. ನಾನು ಓದುವ ಹಾಳೆಗಳಲ್ಲಂತೂ ಇಲ್ಲವೇ ಇಲ್ಲ.

ಲಂಡನ್‌ನಲ್ಲಿ ವಾಹನ ಕಿಕ್ಕಿರಿದ ರಸ್ತೆಯ ಹತ್ತಿರ ಇದ್ದ 9 ವರ್ಷದ ಹುಡುಗಿಯೊಬ್ಬಳು 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ಅವಳ ತಾಯಿ ಬಿಡಲಿಲ್ಲ, ಮತ್ತೊಮ್ಮೆ ವಿಚಾರಣೆ ಮಾಡಿಸಿದರು. ಕೊನೆಗೆ 2020ರ ಡಿಸೆಂಬರಿನಲ್ಲಿ ಆ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ ಅಧಿಕೃತವಾಗಿ ದಾಖಲಾಯಿತು. ಒಂದು ಸಾಲು ಬರೆಸಲು ಒಬ್ಬ ತಾಯಿ ಅಷ್ಟು ವರ್ಷ ಓಡಾಡಬೇಕಾಯಿತು.

ನನ್ನ ಗೆಳೆಯರ ಪಟ್ಟಿಯಲ್ಲಿ ಡಾಕ್ಟರುಗಳು ಸುಮಾರು ಜನ ಇದ್ದೀರಿ. ಉಬ್ಬಸ, ಎದೆನೋವು ಅಂತ ಬಂದವರು ಎಲ್ಲಿ ವಾಸ, ಏನು ಕೆಲಸ, ಆ ದಿನ ಅಲ್ಲಿನ ಪಿಎಂ 2.5 ಎಷ್ಟಿತ್ತು ಅಂತ ಕೇಸ್ ಶೀಟಿನಲ್ಲಿ ಬರೆಯುತ್ತೀರಾ? ಇಲ್ಲದಿದ್ದರೆ ಇನ್ನು ಮೇಲಾದರೂ ಬರೆಯಿರಿ. ದಾಖಲೆ ಇಲ್ಲದ ಖರ್ಚನ್ನು ಲೆಕ್ಕಕ್ಕೆ ತರಲು ನನ್ನಂಥವರಿಗೆ ದಾರಿಯೇ ಇಲ್ಲ. ಈಗಾಗಲೇ ಬರೆಯುವ ಅಭ್ಯಾಸ ಇರುವವರು ಹೇಗೆ ಮಾಡುತ್ತೀರಿ ಅಂತ ಕಾಮೆಂಟಿನಲ್ಲಿ ತಿಳಿಸಿ, ರಾತ್ರಿ ಕೂತು ಎಲ್ಲ ಓದುತ್ತೇನೆ.