ರೆದೋನ್‌ನ ಕಪ್ಪನ್ನು ದಾಟಿ ಹೋಗಬೇಡಿ

ಫ್ರೆಂಚ್ ಕಲಾವಿದ ಓದಿಲೋನ್ ರೆದೋನ್ ಅಂದ ಕೂಡಲೇ ಎಲ್ಲರೂ ಹಂಚಿಕೊಳ್ಳುವುದು ಪೇಸ್ಟೆಲ್ (ಒಣ ಬಣ್ಣದ ಕಡ್ಡಿ) ಹೂಗಳನ್ನೇ. ಚೆಂದವೇ, ತಕರಾರಿಲ್ಲ. ಆದರೆ ಐವತ್ತರ ಆಸುಪಾಸಿನವರೆಗೂ ಆತ ಹೆಸರು ಮಾಡಿದ್ದು ಕಪ್ಪಿನಲ್ಲಿ, ಅಂದರೆ ಇದ್ದಿಲಿನ ಚಿತ್ರ ಮತ್ತು ಕಪ್ಪು ಅಚ್ಚುಗಳಲ್ಲಿ. ಆ ಕಾಲವನ್ನು ಬಣ್ಣಕ್ಕೆ ಮುಂಚಿನ ತಾಲೀಮು ಅಂತ ಎರಡು ಸಾಲಲ್ಲಿ ಮುಗಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಹುಟ್ಟಿದ್ದು 1840ರಲ್ಲಿ, ಬೋರ್ಡೋದಲ್ಲಿ. ಪ್ಯಾರಿಸ್‌ನಲ್ಲಿ ಚಿತ್ರಕಾರ ಜೆರೋಮ್‌ನ ಪಾಠ ಒಗ್ಗಲಿಲ್ಲ. ಊರಿಗೆ ಮರಳಿ ಅಚ್ಚುಚಿತ್ರಕಾರ ರೊಡಾಲ್ಫ್ ಬ್ರೆದ್ಯಾನ್ ಬಳಿ ಎಚಿಂಗ್ (ಲೋಹದ ಹಲಗೆಯನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವುದು) ಕಲಿತ. ಆಮೇಲೆ ಇದ್ದಿಲು ಕೈಗೆ ಬಂತು. ಇದ್ದಿಲಿನ ಚಿತ್ರ ಒಂದೇ ಪ್ರತಿ. ಅದನ್ನು ಹಲವು ಪ್ರತಿ ಮಾಡಲು ಟ್ರಾನ್ಸ್‌ಫರ್ ಕಾಗದ ಬಳಸಿ ಕಲ್ಲಚ್ಚು (ಲಿಥೋಗ್ರಾಫ್) ಮಾಡು ಎಂದು ದಾರಿ ತೋರಿದವನು ಚಿತ್ರಕಾರ ಫಾಂತ್ಯಾನ್-ಲತೂರ್.

ಕೆಲಸ ಹೀಗೆ: ಲೇಪನವಿರುವ ಕಾಗದದ ಮೇಲೆ ಜಿಡ್ಡಿನ ಕ್ರೇಯಾನ್‌ನಿಂದ ಬರೆಯಬೇಕು. ಹಿಂಬದಿ ಒದ್ದೆ ಮಾಡಿ, ಸುಣ್ಣಕಲ್ಲಿನ ಮೇಲೆ ಬೋರಲು ಹಾಕಿ ಪ್ರೆಸ್ಸಿನಲ್ಲಿ ಒತ್ತಬೇಕು. ಕಾಗದ ಬಿಡಿಸಿದರೆ ಜಿಡ್ಡು ಕಲ್ಲಿನಲ್ಲಿ ಉಳಿಯುತ್ತದೆ; ಮುಂದೆ ಶಾಯಿ ಹಿಡಿಯುವುದು ಆ ಜಿಡ್ಡೇ. ಜಿಡ್ಡಿಲ್ಲದ ಕಡೆ ಶಾಯಿ ಅಂಟದಿರಲಿ ಎಂದು ಅದರ ಮೇಲೆ ಅರೇಬಿಕ್ ಗೋಂದು, ಅದರಲ್ಲಿ ಸ್ವಲ್ಪವೇ ಸ್ವಲ್ಪ ನೈಟ್ರಿಕ್ ಆಮ್ಲ. ಆಮ್ಲ ಜಾಸ್ತಿಯಾದರೆ ತೆಳು ಬೂದುಛಾಯೆಗಳು ಸುಟ್ಟು ಹೋಗುತ್ತವೆ. ಕಡಿಮೆಯಾದರೆ ಜಿಡ್ಡು ಹರಡಿ, ಕಪ್ಪೆಲ್ಲ ಒಂದೇ ಮುದ್ದೆ. ಕಾಗದ ಹೆಚ್ಚು ನೆಂದರೆ ಗೆರೆ ಕದಡುತ್ತದೆ. ಲಾಭವೂ ಉಂಟು: ಕಲ್ಲಿಗಿಳಿಯುವಾಗ ಒಮ್ಮೆ, ಅಚ್ಚಾಗುವಾಗ ಒಮ್ಮೆ ಎಡಬಲ ತಿರುಗುವುದರಿಂದ ಚಿತ್ರ ಬರೆದ ದಿಕ್ಕಿನಲ್ಲೇ ಅಚ್ಚಾಗುತ್ತದೆ.

ರೆದೋನ್ ಅಲ್ಲಿಗೇ ಬಿಡುತ್ತಿರಲಿಲ್ಲ. ಕಲ್ಲಿಗಿಳಿದ ಚಿತ್ರಕ್ಕೆ ಮತ್ತೆ ಕ್ರೇಯಾನ್ ಹಚ್ಚುತ್ತಿದ್ದ, ಬೆಳಕು ಬೇಕಾದ ಕಡೆ ಕೆರೆಯುತ್ತಿದ್ದ. ನಕಲು ತೆಗೆಯುವ ಉಪಾಯವಾಗಿ ಬಂದದ್ದು ಸ್ವತಂತ್ರ ಕಲೆಯಾದದ್ದು ಈ ಕೆರೆತದಲ್ಲೇ ಎಂಬುದು ನನ್ನ ವಾದ.

ಇಂಥ ಕಲ್ಲಚ್ಚುಗಳ ಮೊದಲ ಸಂಪುಟ 1879ರ 'ಕನಸಿನಲ್ಲಿ': 10 ಚಿತ್ರ, ಅಚ್ಚಾದದ್ದು ಬರೀ 25 ಪ್ರತಿ. 1882ರಲ್ಲಿ ಅಮೆರಿಕದ ಲೇಖಕ ಎಡ್ಗರ್ ಪೋಗೆ ಅರ್ಪಿಸಿದ ಸಂಪುಟ. ಅದರಲ್ಲಿನ ಕಣ್ಣಿನ ಬಲೂನನ್ನು ಹತ್ತಿರದಿಂದ ನೋಡಿ: ಆಕಾಶಕ್ಕೆ ಮುಖ ಮಾಡಿದ ಒಂದೇ ಕಣ್ಣು, ಕೆಳಗೆ ಬುಟ್ಟಿಯ ಜಾಗದಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ತಲೆ. ಕಣ್ಣಿನ ಬಿಳಿಗೆ ಬಣ್ಣ ಬಳಿದಿಲ್ಲ, ಅದು ಬರೀ ಕಾಗದ. ಸುತ್ತಲಿನ ಬೂದುಛಾಯೆ ಅದಕ್ಕೆ ಹೊಳಪು ಕೊಟ್ಟಿದೆ.

ಕೊನೆಯ ದೊಡ್ಡ ಸರಣಿ ಕಲಾವ್ಯಾಪಾರಿ ವೊಲಾರ್‌ಗಾಗಿ ಮಾಡಿದ 1899ರ 'ಸಂತ ಯೋಹಾನನ ಪ್ರಕಟಣೆ'. ಅಷ್ಟು ಹೊತ್ತಿಗೆ ಪೇಸ್ಟೆಲ್, ಎಣ್ಣೆಬಣ್ಣ ಕೈಗೆ ಹತ್ತಿದ್ದವು. ಆ ಹೂಗಳ ಹಿಂದೆ ಪುಡಿಯನ್ನು ಉಜ್ಜಿ ಎಬ್ಬಿಸಿದ ಮಬ್ಬು ಇದೆಯಲ್ಲ, ಅದು ಇದ್ದಿಲಿನಲ್ಲಿ ಪಳಗಿದ ಕೈ. ಸಣ್ಣ ಸ್ಕ್ರೀನಿನಲ್ಲಿ ಈ ಛಾಯೆಗಳು ಮೊದಲು ಮಾಯವಾಗುತ್ತವೆ (ಫೋನನ್ನು ಬೈದು ಪ್ರಯೋಜನವಿಲ್ಲ). ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಈತನ ಅಚ್ಚುಗಳ ದೊಡ್ಡ ಸಂಗ್ರಹವಿದೆ. ಅವರ ತಾಣದಲ್ಲಿ ದೊಡ್ಡದು ಮಾಡಿ, ಕಪ್ಪಿನ ಅಂಚುಗಳಿಂದ ಶುರು ಮಾಡಿ ನೋಡಿ.