ಅಮುರೋಗೆ ಹೋಗಲು ಒಂದು ಮನೆ

ನಿನ್ನೆ ರಾತ್ರಿ ‘ಮೊಬೈಲ್ ಸೂಟ್ ಗನ್‌ಡಮ್’ ಸರಣಿಯನ್ನು ಎರಡನೇ ಸಲ ನೋಡಿ ಮುಗಿಸಿದೆ. ಕೊನೆಯ ಕಂತು ಮುಗಿಯುವಾಗ ಗಂಟೆ ಒಂದಾಗಿತ್ತು. ಹಾಲ್‌ನಲ್ಲಿ ದೀಪ ಆರಿಸಿ ಒಬ್ಬನೇ ಕೂತು ಅಳುತ್ತಿದ್ದೆ. ನೀರು ಕುಡಿಯಲು ಎದ್ದು ಬಂದ ನನ್ನ ಹೆಂಡತಿಗೆ ಗಾಬರಿ. “ಯಾಕ್ರೀ, ಊರಿಂದ ಫೋನ್ ಬಂತಾ?” ಅಂದಳು. “ಇಲ್ಲ ಕಣೇ, ಹುಡುಗ ಮನೆ ಸೇರಿದ” ಅಂದೆ.

ಬೆಳಿಗ್ಗೆ ಆಫೀಸಿನಲ್ಲಿ ಗೆಳೆಯನಿಗೆ ಇದನ್ನೇ ಹೇಳಿದೆ. “ರೋಬೋಟ್ ಕಾರ್ಟೂನ್ ನೋಡಿ ಅಳೋದಾ?” ಅಂತ ಕೇಳಿದ. ಅವನು ಬೇಜಾರು ಮಾಡಬೇಕು ಅಂತ ಕೇಳಿದ್ದಲ್ಲ. ಊಟದ ಹೊತ್ತಿನಲ್ಲಿ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ. ನೋಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಇದು 1979ರ ಏಪ್ರಿಲ್ 7ರಂದು ಜಪಾನಿನ ನಗೋಯಾ ಟೀವಿಯಲ್ಲಿ ಶುರುವಾದ ಸರಣಿ. ನಿರ್ದೇಶಕ ಯೋಶಿಯುಕಿ ತೋಮಿನೊ. ಮನುಷ್ಯ ಒಳಗೆ ಕೂತು ನಡೆಸುವ ಒಂದು ದೈತ್ಯ ರೋಬೋಟ್‌ನ ಹೆಸರೇ ಗನ್‌ಡಮ್. 52 ಕಂತು ಮಾಡಬೇಕು ಅಂತಿತ್ತು. ನೋಡುವವರು ಕಡಿಮೆ, ಆಟಿಕೆಗಳೂ ಖರ್ಚಾಗುತ್ತಿಲ್ಲ ಅಂತ 43ಕ್ಕೇ ನಿಲ್ಲಿಸಿದರು. ಆಮೇಲೆ ಮರುಪ್ರಸಾರದಲ್ಲಿ ಜನ ಮುಗಿಬಿದ್ದು ನೋಡಿದರು. 1980ರ ಜುಲೈನಲ್ಲಿ ಬಂದಾಯ್ ಕಂಪನಿ 300 ಯೆನ್‌ಗೆ ಪ್ಲಾಸ್ಟಿಕ್ ಮಾದರಿ ತಂದಿತು. 2009ರಲ್ಲಿ ಟೋಕಿಯೋದ ಒಡೈಬಾದಲ್ಲಿ 18 ಮೀಟರ್ ಎತ್ತರದ ಗನ್‌ಡಮ್ಮನ್ನೇ ನಿಲ್ಲಿಸಿದರು. ಈ ಗೆಲುವಿನ ಕಥೆಯೆಲ್ಲ ಹುಡುಕಿದರೆ ಸಿಗುತ್ತದೆ. ನನಗೆ ಹೇಳಬೇಕಾದದ್ದು ಅಮುರೋ ಬಗ್ಗೆ.

ಅಮುರೋ ರೇ, ಬಾಹ್ಯಾಕಾಶದಲ್ಲಿ ಕಟ್ಟಿದ ಒಂದು ವಸಾಹತಿನಲ್ಲಿರುವ 15 ವರ್ಷದ ಹುಡುಗ. ಭೂಮಿಯ ಸರ್ಕಾರಕ್ಕೂ ಅದರಿಂದ ಬೇರೆಯಾದ ಇನ್ನೊಂದು ವಸಾಹತಿಗೂ ಯುದ್ಧ ನಡೆಯುತ್ತಿದೆ. ನಾವು ಅವನನ್ನು ಮೊದಲು ನೋಡುವುದು ಹೇಗೆ ಗೊತ್ತಾ? ಚಡ್ಡಿ ಬನಿಯನ್‌ನಲ್ಲಿ ಕೂತು ಯಾವುದೋ ಯಂತ್ರ ಬಿಚ್ಚಿಕೊಂಡಿರುತ್ತಾನೆ. ಸುತ್ತ ವೈರು, ಬಿಡಿಭಾಗ. ತಿಂಡಿ ಹಾಗೇ ಇರುತ್ತದೆ. ಊರು ಖಾಲಿ ಮಾಡಿ ಅಂತ ಹೊರಗೆ ಕೂಗುತ್ತಿದ್ದರೂ ಇವನಿಗೆ ಕೇಳಿಸಿರುವುದಿಲ್ಲ. ಪಕ್ಕದ ಮನೆಯ ಹುಡುಗಿ ಫ್ರಾವ್ ಬೋ ಬಂದು ಎಬ್ಬಿಸಬೇಕು. ಅಮ್ಮ ಭೂಮಿಯ ಮೇಲೆ ಉಳಿದಿದ್ದಾಳೆ. ಅಪ್ಪ ಟೆಮ್ ರೇ ಸೈನ್ಯಕ್ಕೆ ಯಂತ್ರ ತಯಾರಿಸುವ ಎಂಜಿನಿಯರ್, ಮನೆಯಲ್ಲಿ ಇರುವುದೇ ಅಪರೂಪ.

ಆ ಮೊದಲ ಕಂತಿನಲ್ಲೇ ಶತ್ರುಗಳ ಜಾಕು ಯಂತ್ರಗಳು ಊರಿಗೆ ನುಗ್ಗುತ್ತವೆ. ಕಣ್ಣೆದುರೇ ಫ್ರಾವ್‌ಳ ಅಮ್ಮ, ತಾತ ಸಾಯುತ್ತಾರೆ. ಅಮುರೋ ಅಪ್ಪನನ್ನು ಹುಡುಕಿಕೊಂಡು ಓಡಿದರೆ, ಅಪ್ಪ ಗನ್‌ಡಮ್ಮನ್ನು ಹಡಗಿಗೆ ಸಾಗಿಸುವ ಗಡಿಬಿಡಿಯಲ್ಲಿರುತ್ತಾನೆ. ಮನುಷ್ಯರಿಗಿಂತ ಯಂತ್ರ ಹೆಚ್ಚಾಯಿತೇ ಅಂತ ಹುಡುಗ ಕೇಳುತ್ತಾನೆ. ಅಪ್ಪನಿಗೆ ಉತ್ತರ ಕೊಡಲು ಪುರುಸೊತ್ತಿಲ್ಲ. ಕೊನೆಗೆ ಅಮುರೋ ಕೈಪಿಡಿ ಓದಿಕೊಂಡೇ ಗನ್‌ಡಮ್ ಹತ್ತುತ್ತಾನೆ, ಒಂದು ಜಾಕುವನ್ನು ಸೀಳುತ್ತಾನೆ. ಅದು ಸಿಡಿದು, ಅವರೆಲ್ಲ ವಾಸಿಸುತ್ತಿದ್ದ ಬಾಹ್ಯಾಕಾಶ ವಸಾಹತಿನ ಗೋಡೆಗೇ ತೂತು ಬೀಳುತ್ತದೆ. ಆ ತೂತಿನಿಂದ ಹೊರಗೆ ಎಸೆಯಲ್ಪಟ್ಟವರಲ್ಲಿ ಅವನ ಅಪ್ಪನೂ ಒಬ್ಬ. ಹುಡುಗನಿಗೆ ಅದು ಗೊತ್ತೇ ಇಲ್ಲ.

ನಾನು ಮೊದಲ ಸಲ ನೋಡಿದಾಗ ಜಗಳದ ಭರಾಟೆಯಲ್ಲಿ ಇದನ್ನು ಗಮನಿಸಿರಲಿಲ್ಲ. ಎರಡನೇ ಸಲ ಅಲ್ಲೇ ನಿಲ್ಲಿಸಿ ಹಿಂದಕ್ಕೆ ಹೋಗಿ ನೋಡಿದೆ. ಅದೇ ಕಂತಿನ ಶುರುವಿನಲ್ಲಿ ಟೆಮ್ ರೇ ಮೇಜಿನ ಮೇಲೆ ಮಗನ ಫೋಟೋ ಇದೆ. ಈ ವಯಸ್ಸಿನ ಮಕ್ಕಳೂ ಯುದ್ಧಕ್ಕೆ ಹೋಗುತ್ತಿದ್ದಾರಂತೆ ಅಂತ ಅವನು ಬೇಸರದಿಂದ ಹೇಳುತ್ತಾನೆ. ಮಗನ ಮೇಲೆ ಪ್ರೀತಿ ಇಲ್ಲದವನಲ್ಲ. ಈ ಯಂತ್ರ ಬಂದರೆ ಯುದ್ಧ ಬೇಗ ಮುಗಿಯುತ್ತದೆ ಅಂತ ನಂಬಿದವನು.

ಅಲ್ಲಿಂದ ಶುರು. ಬದುಕಿ ಉಳಿದ ಹುಡುಗ ಹುಡುಗಿಯರೇ ವೈಟ್ ಬೇಸ್ ಅನ್ನುವ ಬಾಹ್ಯಾಕಾಶ ಹಡಗು ನಡೆಸಬೇಕು. ನಾಯಕ ಬ್ರೈಟ್‌ಗೆ 19 ವರ್ಷ. ಒಂಬತ್ತನೇ ಕಂತಿನಲ್ಲಿ ಅಮುರೋ ಇನ್ನು ನಾನು ಹೋಗಲ್ಲ ಅಂತ ಕೂತಾಗ ಬ್ರೈಟ್ ಅವನ ಕೆನ್ನೆಗೆ ಹೊಡೆಯುತ್ತಾನೆ. ಮತ್ತೊಂದು ಸಲ ಹೊಡೆಯುತ್ತಾನೆ. ನಮ್ಮಪ್ಪ ಕೂಡ ನನ್ನನ್ನು ಹೊಡೆದಿಲ್ಲ ಅನ್ನುತ್ತಾನೆ ಅಮುರೋ. ಜಪಾನಿನಲ್ಲಿ ಈ ಮಾತು ಎಲ್ಲರ ಬಾಯಲ್ಲಿರುವ ಮಾತಾಗಿದೆ, ತಮಾಷೆಗೂ ಹೇಳುತ್ತಾರೆ. ನನಗೆ ನಗು ಬರಲಿಲ್ಲ. ಹೊಡೆದವನೂ ಹುಡುಗನೇ ಅಲ್ವಾ. ಅವನ ಕೈಯೂ ನಡುಗಿರಬೇಕು ಅನ್ನಿಸಿತು.

ಇನ್ನೊಂದು ಕಂತು ನನಗೆ ಬಹಳ ಇಷ್ಟ. ಹಡಗಿನಲ್ಲಿ ಉಪ್ಪು ಮುಗಿಯುತ್ತದೆ. ಹೌದು, ಅಡುಗೆಗೆ ಹಾಕುವ ಉಪ್ಪು. ಅಡುಗೆಯವನು ಬಂದು ಉಪ್ಪಿಲ್ಲ ಅನ್ನುತ್ತಾನೆ. ಸುತ್ತ ಶತ್ರುಗಳು, ಆದರೂ ಉಪ್ಪಿನ ಸರೋವರ ಹುಡುಕಿಕೊಂಡು ಹೋಗಬೇಕು. ಹಿಂದಿನ ರೋಬೋಟ್ ಕಥೆಗಳಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. 1972ರ ‘ಮಜಿಂಗರ್ ಝಡ್’ ನೋಡಿ, ಅದರ ಖುಷಿಯೇ ಬೇರೆ. ಹುಡುಗ ಯಂತ್ರದ ತಲೆಯಲ್ಲಿ ಕೂತು ಹೆಸರು ಕೂಗಿ ಗುದ್ದುತ್ತಾನೆ, ದುಷ್ಟರು ಸೋಲುತ್ತಾರೆ. ಗನ್‌ಡಮ್‌ನಲ್ಲಿ ಜಗಳ ಮುಗಿದ ಮೇಲೂ ಯಾರೋ ಅನ್ನ ಬೇಯಿಸಬೇಕು, ಮೂರು ಚಿಕ್ಕ ಅನಾಥ ಮಕ್ಕಳನ್ನು ಮಲಗಿಸಬೇಕು, ಹರಿದ ಬಟ್ಟೆ ಒಗೆಯಬೇಕು. ನೋಡುತ್ತಾ ನೋಡುತ್ತಾ ಆ ಹಡಗಿನ ಕಾರಿಡಾರು, ಊಟದ ಕೋಣೆ ಎಲ್ಲ ನಮಗೇ ಪರಿಚಯವಾಗಿಬಿಡುತ್ತದೆ.

ಹದಿಮೂರನೇ ಕಂತಿನಲ್ಲಿ ಅಮುರೋ ಭೂಮಿಯ ಮೇಲಿರುವ ತನ್ನ ಹುಟ್ಟೂರಿಗೆ ಹೋಗುತ್ತಾನೆ. ಅಮ್ಮನನ್ನು ನೋಡುವ ಆಸೆ. ಮನೆಯಲ್ಲಿ ಅವನದೇ ಪಕ್ಷದ ಸೈನಿಕರು ಕುಡಿದು ಬಿದ್ದಿರುತ್ತಾರೆ. ಅಮ್ಮ ನಿರಾಶ್ರಿತರ ಶಿಬಿರದಲ್ಲಿ ಸಿಗುತ್ತಾಳೆ. ಅಷ್ಟರಲ್ಲಿ ಶತ್ರು ಸೈನಿಕರು ತಪಾಸಣೆಗೆ ಬರುತ್ತಾರೆ. ಹುಡುಗ ರೋಗಿಯ ಹಾಗೆ ಹಾಸಿಗೆಯಲ್ಲಿ ಮಲಗಿ, ಕಂಬಳಿಯ ಒಳಗಿಂದಲೇ ಗುಂಡು ಹಾರಿಸುತ್ತಾನೆ. ಅಮ್ಮ ನೋಡುತ್ತಾ ನಿಂತುಬಿಡುತ್ತಾಳೆ. ಅವರಿಗೂ ಹೆಂಡತಿ ಮಕ್ಕಳು ಇರಬಹುದಲ್ಲಪ್ಪಾ, ನಿನ್ನನ್ನು ಹೀಗೆ ಬೆಳೆಸಿರಲಿಲ್ಲ ಅನ್ನುತ್ತಾಳೆ. ಅಮ್ಮನ ಮಾತು ತಪ್ಪಲ್ಲ. ಮಗನದೂ ತಪ್ಪಲ್ಲ. ನಾನು ಯಾರ ಕಡೆ ನಿಲ್ಲಲಿ? ಕೊನೆಗೆ ಅವನು ಸೈನಿಕರ ಹಾಗೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದು, ಹುಷಾರಾಗಿರಮ್ಮ ಅಂತ ಹೇಳಿ ಹೊರಡುತ್ತಾನೆ. ಹೆತ್ತ ತಾಯಿಗೆ ಸಲ್ಯೂಟ್! ಕರುಳು ಕಿತ್ತು ಬಂದ ಹಾಗಾಯಿತು.

ಇಲ್ಲಿ ತೋಮಿನೊ ಬಗ್ಗೆ ಒಂದು ಮಾತು. ಅವರು ಹುಟ್ಟಿದ್ದು 1941ರಲ್ಲಿ, ಒಡವಾರಾ ಅನ್ನುವ ಊರಿನಲ್ಲಿ. 1945ರ ಆಗಸ್ಟ್ 15ರ ನಸುಕಿನಲ್ಲಿ ಆ ಊರಿನ ಮೇಲೆ ಬಾಂಬ್ ಬಿತ್ತು. ಯುದ್ಧ ಮುಗಿಯಿತು ಅಂತ ಚಕ್ರವರ್ತಿ ರೇಡಿಯೋದಲ್ಲಿ ಹೇಳಿದ್ದು ಅದೇ ದಿನ ಮಧ್ಯಾಹ್ನ. ಇನ್ನು ಕೆಲವೇ ಗಂಟೆ ಕಳೆದಿದ್ದರೆ ಉಳಿಯುತ್ತಿದ್ದ ಮನೆಗಳು ಅವು. ಅಂಥ ಊರಿನ ಮಗು ದೊಡ್ಡವನಾಗಿ ಮಕ್ಕಳಿಗೆ ರೋಬೋಟ್ ಕಥೆ ಮಾಡಿದಾಗ ಮೊದಲ ಕಂತಿನಲ್ಲೇ ಮನೆ ಸುಡುವುದನ್ನು ಇಟ್ಟರು. ಈ ಎರಡನ್ನೂ ಜೋಡಿಸುತ್ತಿರುವುದು ನಾನು. ಆದರೂ ನನಗೆ ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ.

ಈಗ ಅಪ್ಪನ ವಿಷಯ. 33ನೇ ಕಂತು.

ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರದ ಒಂದು ಊರಿನಲ್ಲಿ ಹಡಗು ನಿಂತಿದೆ. ಬೀದಿಯಲ್ಲಿ ಅಮುರೋಗೆ ಅಪ್ಪ ಕಾಣಿಸುತ್ತಾನೆ. ಸತ್ತೇ ಹೋದ ಅಂದುಕೊಂಡಿದ್ದ ಅಪ್ಪ! ಓಡಿ ಹೋಗಿ ಹಿಡಿಯುತ್ತಾನೆ. ಗುಜರಿ ಅಂಗಡಿಯ ಮೇಲೊಂದು ಕೋಣೆಯಲ್ಲಿ ಅಪ್ಪನ ವಾಸ. ಬಾಹ್ಯಾಕಾಶದಲ್ಲಿ ಉಸಿರಾಡಲು ಆಮ್ಲಜನಕ ಸಾಲದೆ ಅವನ ಮಿದುಳು ಹಾಳಾಗಿದೆ. ಮಗನನ್ನು ಗುರುತಿಸುತ್ತಾನೆ. ಆದರೆ ಹೇಗಿದ್ದೀಯ ಅಂತ ಕೇಳುವುದಿಲ್ಲ. ಒಂದು ಸರ್ಕ್ಯೂಟ್ ಕೈಯಲ್ಲಿಟ್ಟು, ಇದನ್ನು ಗನ್‌ಡಮ್‌ಗೆ ಹಾಕು, ಶಕ್ತಿ ಎಷ್ಟೋ ಪಟ್ಟು ಹೆಚ್ಚುತ್ತದೆ ಅನ್ನುತ್ತಾನೆ. ಅಮ್ಮನನ್ನು ನೋಡಿದೆ ಅಪ್ಪಾ ಅಂತ ಹುಡುಗ ಹೇಳುತ್ತಾನೆ. ಅಪ್ಪನಿಗೆ ಅದು ಕಿವಿಗೇ ಬೀಳುವುದಿಲ್ಲ. ಬೇಗ ಹೋಗು, ಹಾಕಿ ನೋಡು ಅಂತ ಅವಸರ ಮಾಡುತ್ತಾನೆ. ಹುಡುಗ ಹೊರಗೆ ಬಂದು ಕೈಯಲ್ಲಿದ್ದದ್ದನ್ನು ನೋಡುತ್ತಾನೆ. ಯಾವುದೋ ಓಬೀರಾಯನ ಕಾಲದ ಸರ್ಕ್ಯೂಟ್. ನೆಲಕ್ಕೆ ಅಪ್ಪಳಿಸಿ ಅಳುತ್ತಾ ಓಡುತ್ತಾನೆ.

ನನ್ನ ಅಪ್ಪ ಸಾಗರದಲ್ಲಿ 30 ವರ್ಷ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದರು. ನಾನು ಬೆಳೆದದ್ದೇ ಸಾಲ್ಡರಿಂಗ್ ಹೊಗೆಯ ವಾಸನೆಯಲ್ಲಿ. ಡಬ್ಬ ಟೀವಿಗಳ ಕಾಲ ಮುಗಿದ ಮೇಲೆ ಅಂಗಡಿ ಮುಚ್ಚಿದರು. ನಾನು ಬೆಂಗಳೂರಿನಲ್ಲಿ ಮೊದಲ ಎಲ್‌ಇಡಿ ಟೀವಿ ತಂದಾಗ ಅಪ್ಪ ಒಂದು ಸ್ಟೆಬಿಲೈಸರ್ ತಂದರು. ತಾವೇ ಕಾಯಿಲ್ ಸುತ್ತಿ ಮಾಡಿದ್ದು. ಅಷ್ಟು ಭಾರದ್ದನ್ನು ಟವೆಲ್‌ನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. “ವೋಲ್ಟೇಜ್ ಹೆಚ್ಚುಕಮ್ಮಿ ಆದ್ರೆ ಟೀವಿ ಹೋಗ್ತದೆ ಮಾರಾಯ, ಇದು ಇರ್ಲಿ” ಅಂದರು. ಈಗಿನ ಟೀವಿಗೆ ಅದು ಬೇಕಾಗಿರಲಿಲ್ಲ. ನಾನು ಆಯ್ತಪ್ಪ ಅಂದೆ. ಅವರು ಊರಿಗೆ ಬಸ್ ಹತ್ತಿದ ಮಾರನೇ ದಿನವೇ ಬಿಚ್ಚಿ ಸಜ್ಜೆ ಮೇಲೆ ಹಾಕಿದೆ. ಆಮೇಲೆ ಅಪ್ಪ ಫೋನಿನಲ್ಲಿ ಆಗಾಗ ಕೇಳುತ್ತಿದ್ದರು, ಸ್ಟೆಬಿಲೈಸರ್ ಹೇಗಿದೆ ಅಂತ. ಚೆನ್ನಾಗಿ ನಡೀತಿದೆ ಅಪ್ಪ ಅನ್ನುತ್ತಿದ್ದೆ. ಅವರ ದನಿಯಲ್ಲಿ ಖುಷಿ ಗೊತ್ತಾಗುತ್ತಿತ್ತು.

ಅಮುರೋ ಆ ಸರ್ಕ್ಯೂಟನ್ನು ಎಸೆದ ರಾತ್ರಿ ನಾನು ಸ್ಟೂಲ್ ಹಾಕಿಕೊಂಡು ಸಜ್ಜೆ ಹತ್ತಿದೆ. ಧೂಳು ಒರೆಸಿ, ಟೀವಿ ಹಿಂದೆ ಇಟ್ಟು ಪ್ಲಗ್ ಹಾಕಿದೆ. ಒಳಗೆ ರಿಲೇ ಟಕ್ ಅಂದಿತು. ಹಸಿರು ದೀಪ ಹತ್ತಿತು. ಮುಂದಿನ ಹತ್ತೂ ಕಂತು ಅದರ ಮೇಲೇ ನಡೆದವು.

ಇದೇ ಸರಣಿಯಿಂದ ಮಾಡಿದ ಮೂರು ಸಿನಿಮಾಗಳಲ್ಲಿ ಕೊನೆಯದು 1982ರಲ್ಲಿ ಬಂತು. ಅದರಲ್ಲಿ ಟೆಮ್ ರೇ ಟೀವಿಯಲ್ಲಿ ಗನ್‌ಡಮ್ ಹೋರಾಡುವುದನ್ನು ನೋಡುತ್ತಾನೆ. ಗೆಲ್ಲುತ್ತಿರುವುದು ತನ್ನ ಸರ್ಕ್ಯೂಟ್‌ನಿಂದಲೇ ಅಂತ ಅವನಿಗೆ ಖಾತ್ರಿ. ಖುಷಿಯಿಂದ ಹುಚ್ಚೆದ್ದು ಹೊರಗೆ ಓಡಿ ಮೆಟ್ಟಿಲಿಂದ ಬೀಳುತ್ತಾನೆ. ಅದನ್ನು ನಾನು ಒಂದೇ ಸಲ ನೋಡಿದ್ದು. ಮತ್ತೆ ನೋಡಲಾರೆ.

ಅಮುರೋ ಒಬ್ಬನದೇ ಕಥೆ ಅಲ್ಲ ಇದು. ಬೆಲ್‌ಫಾಸ್ಟ್‌ನ ಮಿಹಾರು ಇದ್ದಾಳೆ. ತಮ್ಮ ತಂಗಿಯ ಹೊಟ್ಟೆ ತುಂಬಿಸಲು ಶತ್ರುಗಳಿಗೆ ಸುದ್ದಿ ಮಾರುವ ಹುಡುಗಿ. ಕದ್ದು ವೈಟ್ ಬೇಸ್ ಹತ್ತುತ್ತಾಳೆ. ತಾನು ಕೊಟ್ಟ ಸುದ್ದಿಯಿಂದ ಅಲ್ಲಿನ ಪುಟ್ಟ ಮಕ್ಕಳಿಗೂ ಅಪಾಯ ಅಂತ ಕಣ್ಣಾರೆ ಕಂಡಾಗ ತಡೆಯಲಾಗದೆ ಇವರ ಜೊತೆ ಹೋರಾಡಿ, ಸಮುದ್ರದ ಮೇಲೆ ಸಾಯುತ್ತಾಳೆ. ಅಕ್ಕ ಬರುತ್ತಾಳೆ ಅಂತ ಆ ಇಬ್ಬರು ಮಕ್ಕಳು ಮನೆಯಲ್ಲಿ ಕಾಯುತ್ತಿದ್ದಾರೆ. ಅವರಿಗೆ ಯಾರು ಹೋಗಿ ಹೇಳುತ್ತಾರೆ? ಕಥೆ ಮುಂದೆ ಹೋಗುತ್ತದೆ, ನನ್ನ ಮನಸ್ಸು ಆ ಬಾಗಿಲಲ್ಲೇ ನಿಂತುಬಿಡುತ್ತದೆ.

ಇನ್ನು ಲಾಲಾ. ಶತ್ರು ಪಕ್ಷದ ಹುಡುಗಿ, ಕಪ್ಪು ಮೈಬಣ್ಣ, ಹಣೆಯಲ್ಲಿ ಬೊಟ್ಟು. ಮಳೆಯಲ್ಲಿ ಒಂದು ಸರೋವರದ ಪಕ್ಕ ಅಮುರೋಗೆ ಸಿಗುತ್ತಾಳೆ. ಆಮೇಲೆ ಯುದ್ಧದಲ್ಲಿ ಎದುರಾಗುತ್ತಾಳೆ. ಇಬ್ಬರಿಗೂ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಮಾತಿಲ್ಲದೇ ತಿಳಿಯುತ್ತದೆ. 41ನೇ ಕಂತಿನಲ್ಲಿ ಅವಳು ಒಂದು ಪ್ರಶ್ನೆ ಕೇಳುತ್ತಾಳೆ. ನಿನಗೆ ಮನೆಯಿಲ್ಲ, ಊರಿಲ್ಲ, ನಿನ್ನವರು ಅನ್ನುವವರಿಲ್ಲ, ಮತ್ತೆ ಯಾರಿಗೋಸ್ಕರ ಹೋರಾಡುತ್ತೀಯ ಅಂತ. ನಾವು 40 ಕಂತು ನೋಡಿಕೊಂಡು ಬಂದದ್ದನ್ನೇ ಅವಳು ಎರಡು ಮಾತಿನಲ್ಲಿ ಹೇಳಿಬಿಟ್ಟಳು. ಅಮುರೋ ಉತ್ತರ ಕೊಡಲಾರದೆ ತಡವರಿಸುತ್ತಾನೆ. ಸ್ವಲ್ಪ ಹೊತ್ತಿಗೇ ಅವನ ಕತ್ತಿಗೆ ಅವಳೇ ಅಡ್ಡ ಬಂದು ಸಾಯುತ್ತಾಳೆ. ತನ್ನನ್ನು ಪೂರ್ತಿ ಅರ್ಥ ಮಾಡಿಕೊಂಡವಳನ್ನು ತನ್ನ ಕೈಯಾರೆ ಕೊಂದೆ ಅನ್ನುವುದನ್ನು 15 ವರ್ಷದ ಹುಡುಗ ಹೇಗೆ ಹೊರಬೇಕು?

ಕೊನೆಯ ಕಂತನ್ನು ನೋಡುವಾಗ ಈ ಪ್ರಶ್ನೆ ನೆನಪಿರಲಿ. ಗನ್‌ಡಮ್‌ಗೆ ತಲೆ ಇಲ್ಲ, ಎಡಗೈ ಇಲ್ಲ. ವೈಟ್ ಬೇಸ್ ಕೂಡ ಸುಟ್ಟು ಹೋಗುತ್ತಿದೆ. ಶತ್ರುಕೋಟೆ ಒಳಗಿಂದ ಕುಸಿಯುತ್ತಿದೆ. ಅಮುರೋ ಯಂತ್ರದ ನಡುವಿದ್ದ ಪುಟ್ಟ ವಿಮಾನವನ್ನು ಬಿಡಿಸಿಕೊಂಡು ಹೊರಗೆ ಬರಬೇಕು. ದಾರಿ ಗೊತ್ತಿಲ್ಲ. ಹೊರಗೆ ಒಂದು ಸಣ್ಣ ದೋಣಿಯಂಥ ವಾಹನದಲ್ಲಿ ಅವರೆಲ್ಲ ಇದ್ದಾರೆ. ಕೆನ್ನೆಗೆ ಹೊಡೆದ ಬ್ರೈಟ್, ಮೊದಲ ದಿನ ಎಬ್ಬಿಸಲು ಬಂದ ಫ್ರಾವ್, ಬಾಯಿ ತೆಗೆದರೆ ಕೊಂಕು ಮಾತಾಡುವ ಕಾಯ್, ಎಲ್ಲರೂ. ಅವನು ಎಲ್ಲಿದ್ದಾನೆ ಅಂತ ಮೊದಲು ಗೊತ್ತಾಗುವುದು ಆ ಮೂರು ಚಿಕ್ಕ ಮಕ್ಕಳಿಗೆ. ಈ ಕಡೆ, ಈ ಕಡೆ ಅಂತ ದಾರಿ ಹೇಳುತ್ತಾರೆ. ಸಂಖ್ಯೆ ಎಣಿಸುತ್ತಾರೆ. ಹೊಗೆ ಬೆಂಕಿಯ ನಡುವಿನಿಂದ ವಿಮಾನ ಹೊರಗೆ ಬರುತ್ತದೆ.

ಅವರು ಕೈ ಬೀಸುವುದು ಅಮುರೋಗೆ ಕಾಣಿಸುತ್ತದೆ. ಅವನ ಕಣ್ಣಲ್ಲಿ ನೀರು. ನನಗಿನ್ನೂ ಮರಳಿ ಹೋಗುವ ಜಾಗ ಇದೆ, ಇದಕ್ಕಿಂತ ಖುಷಿ ಇಲ್ಲ ಅನ್ನುತ್ತಾನೆ. ಅದನ್ನು ಅವನು ಹೇಳುವುದು ಲಾಲಾಳಿಗೆ. ಕ್ಷಮಿಸು ಅಂತ ಕೇಳಿಕೊಂಡು ಹೇಳುತ್ತಾನೆ. ಮೊದಲ ಸಲ ನೋಡಿದಾಗ ಈ ಕ್ಷಮೆ ಯಾಕೆ ಅಂತ ನನಗೆ ತಿಳಿದಿರಲಿಲ್ಲ. ನಿನ್ನೆ ತಿಳಿಯಿತು. ಅವಳು ಕೇಳಿದ್ದಕ್ಕೆ ಅವನಿಗೆ ಈಗ ಉತ್ತರ ಸಿಕ್ಕಿದೆ, ಕೇಳಿಸಿಕೊಳ್ಳಲು ಅವಳೇ ಇಲ್ಲ.

ಆಮೇಲೆ ಅವನು ವಿಮಾನವನ್ನೂ ಬಿಟ್ಟು ಹೊರಗೆ ಬರುತ್ತಾನೆ. ಬರಿಗೈಯಲ್ಲಿ, ಎರಡೂ ತೋಳು ಚಾಚಿಕೊಂಡು, ಕತ್ತಲೆಯಲ್ಲಿ ತೇಲುತ್ತಾ ಅವರ ಕಡೆ ಹೋಗುತ್ತಾನೆ. ಅವರೂ ಕೈ ಚಾಚಿದ್ದಾರೆ.