ಟೈಟಾನಿಕ್‌ನಲ್ಲಿ ಯಾರ್ಯಾರು ಬದುಕುತ್ತಾರೆ?

ಟೈಟಾನಿಕ್ ಮುಳುಗಿದ್ದು 1912ರ ಏಪ್ರಿಲ್‌ನಲ್ಲಿ. ಯಾರು ಸತ್ತರು, ಯಾರು ಉಳಿದರು ಅನ್ನುವುದೆಲ್ಲ ಆ ಕಾಲದ ಪೇಪರ್‌ಗಳಲ್ಲೇ ಬಂದು ಹೋಗಿದೆ. ಸುದ್ದಿ ಮಾರತ್‌ಹಳ್ಳಿಗೆ ಮಾತ್ರ ಇನ್ನೂ ತಲುಪಿಲ್ಲ. ಅಲ್ಲಿನ ಪಿಜಿಗಳಲ್ಲಿ ಹುಡುಗರು ನಡುರಾತ್ರಿಯವರೆಗೆ ಲೈಟು ಹಾಕಿಕೊಂಡು ಅದನ್ನೇ ಲೆಕ್ಕ ಹಾಕುತ್ತಿದ್ದಾರೆ. ಮೂರನೇ ದರ್ಜೆ ಟಿಕೆಟ್, ಗಂಡಸು, ವಯಸ್ಸು 22. ಇವನು ಬದುಕುತ್ತಾನಾ, ಇಲ್ವಾ?

ಬದುಕುವುದಿಲ್ಲ. ಫೈಲಿನ ಮೊದಲನೇ ಸಾಲಿನಲ್ಲಿ ಇರುವವನೇ ಅವನು. ಪಾಪ, ದಿನಕ್ಕೆ ಎಷ್ಟು ಸಲ ಮುಳುಗುತ್ತಾನೋ.

ಡೇಟಾ ಸೈನ್ಸ್, ಅಂದರೆ ಅಂಕಿಅಂಶ ನೋಡಿ ಗೊತ್ತಿಲ್ಲದ್ದನ್ನು ಅಂದಾಜು ಮಾಡುವ ವಿದ್ಯೆ, ಕಲಿಯುವವರ ಅಕ್ಷರಾಭ್ಯಾಸ ನಡೆಯುವುದು ಈ ಹಡಗಿನ ಮೇಲೆಯೇ. ಕ್ಯಾಗಲ್ ಅನ್ನುವ ತಾಣದಲ್ಲಿ 891 ಪ್ರಯಾಣಿಕರ ಪಟ್ಟಿ ಇದೆ. ಅದರಲ್ಲಿ ಬದುಕಿದವರು 342. ಅದನ್ನು ತೋರಿಸಿ ಕಂಪ್ಯೂಟರ್‌ಗೆ ಪಾಠ ಹೇಳಬೇಕು. ಆಮೇಲೆ ಇನ್ನೊಂದು ಪಟ್ಟಿಯಲ್ಲಿರುವ 418 ಜನರ ಹಣೆಬರಹ ಹೇಳಿಸಬೇಕು. ಏನೂ ಓದದ ಪಕ್ಕದ ಮನೆ ಅಜ್ಜಿ "ಹೆಂಗಸರೆಲ್ಲ ಉಳಿದಿರ್ತಾರೆ, ಗಂಡಸರೆಲ್ಲ ಹೋಗಿರ್ತಾರೆ ಬಿಡು" ಅಂದರೂ ನೂರಕ್ಕೆ ಸುಮಾರು 76 ಉತ್ತರ ಸರಿಯಾಗುತ್ತದೆ. ಆರು ತಿಂಗಳು ಕ್ಲಾಸಿಗೆ ಹೋಗಿ, ರ‍್ಯಾಂಡಮ್ ಫಾರೆಸ್ಟ್ ಬೆಳೆಸಿ, ನ್ಯೂರಲ್ ನೆಟ್‌ವರ್ಕ್ ಹೆಣೆದು, ಇಂಥ ಲೆಕ್ಕದ ದೊಡ್ಡ ದೊಡ್ಡ ವಿಧಾನಗಳನ್ನೆಲ್ಲ ಕಲಿತವನಿಗೆ 78 ಬಂದರೆ ಅವನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕುತ್ತಾನೆ. ಅಜ್ಜಿಗಿಂತ ಎರಡು ಮಾರ್ಕು ಜಾಸ್ತಿ. ಅದಕ್ಕೆ ಕಟ್ಟಿದ ಫೀಸು ಒಂದೂವರೆ ಲಕ್ಷ, ಜಿಎಸ್‌ಟಿ ಬೇರೆ.

ಅಲ್ಲಿ ನೂರಕ್ಕೆ ನೂರು ತೆಗೆದವರೂ ಇದ್ದಾರೆ. ಸತ್ತವರ ಪಟ್ಟಿ ಇಂಟರ್‌ನೆಟ್‌ನಲ್ಲೇ ಬಿದ್ದಿದೆ, ಅದನ್ನು ನೋಡಿಕೊಂಡು ಬರೆದವರು ಅವರು. ನನ್ನನ್ನು ಕೇಳಿದರೆ ಕೆಲಸಕ್ಕೆ ಮೊದಲು ತಗೊಳ್ಳಬೇಕಾದವರು ಅವರೇ.

ಈ ಗೀಳಿಗೆ ಮೂಲ ಹುಡುಕಿದರೆ 2012ರ ಅಕ್ಟೋಬರ್‌ಗೆ ಹೋಗಬೇಕು. ಆಗ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬಂತು. ಡೇಟಾ ಸೈಂಟಿಸ್ಟ್ ಅಂದರೆ 21ನೇ ಶತಮಾನದ ಅತ್ಯಂತ ಸೆಕ್ಸಿ ಕೆಲಸ ಅಂತ ಅದರ ತಲೆಬರಹ. ಲೇಖನ ಓದಿದವರು ಕಡಿಮೆ, ತಲೆಬರಹವನ್ನು ಸ್ಲೈಡಿಗೆ ಅಂಟಿಸಿದವರು ಜಾಸ್ತಿ. ಹಾಸನ, ಮಂಡ್ಯದ ಮನೆಗಳನ್ನು ತಲುಪುವಷ್ಟರಲ್ಲಿ ಆ ವಿಶೇಷಣ ಸೆನ್ಸಾರ್ ಆಗಿ, "ಪ್ಯಾಕೇಜ್ ಚೆನ್ನಾಗಿದೆಯಂತೆ" ಅಂತ ಉಳಿಯಿತು. ನಮ್ಮವರಿಗೆ ಅಷ್ಟು ಸಾಕಲ್ವಾ.

ಅಲ್ಲಿಂದೀಚೆಗೆ ಡಿಗ್ರಿ ಅನ್ನುವುದು ಕೋರ್ಸಿನ ಅರ್ಜಿಯಲ್ಲಿ ಒಂದು ಖಾಲಿ ಜಾಗ ತುಂಬುವುದಕ್ಕೆ ಮಾಡಿಕೊಳ್ಳುವ ಏರ್ಪಾಡು. ಏನು ಬರೆದರೂ ನಡೆಯುತ್ತದೆ. ಬಿ.ಎ. ಹಿಸ್ಟರಿ ಅಂದರೆ ಕೌನ್ಸೆಲರ್ "ಸೂಪರ್ ಸರ್, ಹಳೇ ಡೇಟಾ ನೋಡೋದೇ ಅಲ್ವಾ ಇಲ್ಲೂ" ಅನ್ನುತ್ತಾನೆ. ಹಲ್ಲಿನ ಡಾಕ್ಟರ್ ಅಂದರೆ "ಹೆಲ್ತ್‌ಕೇರ್ ಅನಲಿಟಿಕ್ಸ್ ಮೇಡಂ, ನಿಮ್ಮಂಥವರಿಗೇ ಕಾಯ್ತಿದ್ದಾರೆ." ಬಿ.ಪಿ.ಎಡ್. ಅಂದರೆ "ಐಪಿಎಲ್ ಸರ್, ಐಪಿಎಲ್!" ಸಂಸ್ಕೃತ ಎಂ.ಎ.ಗೆ ಉತ್ತರ ಮೊದಲೇ ರೆಡಿ ಇರುತ್ತದೆ: "ಕಂಪ್ಯೂಟರ್‌ಗೆ ಅದೇ ಬೆಸ್ಟ್ ಲಾಂಗ್ವೇಜ್ ಅಂತ ನಾಸಾನೇ ಹೇಳಿದೆ ಸರ್." ನಾಸಾಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ, ಅದು ಬೇರೆ ಮಾತು. ಪಶುವೈದ್ಯ ಅಂದಾಗ ಮಾತ್ರ ಅರೆಕ್ಷಣ ತಡವರಿಸಿ, "ಪೈಥಾನ್ ಇದೆ, ಪಾಂಡಾಸ್ ಇದೆ, ನಿಮಗೆ ಈಸಿ ಸರ್" ಅಂತ ಸುಧಾರಿಸಿಕೊಳ್ಳುತ್ತಾನೆ. ಎರಡೂ ಪ್ರಾಣಿಗಳಲ್ಲ, ಕೋಡಿಂಗ್ ಸಲಕರಣೆಗಳು.

ಕೊನೆಗೆ ಎಲ್ಲರಿಗೂ ಒಂದೇ ಮಂತ್ರ. "ನಿಮ್ಮ ಡೊಮೈನ್ ನಾಲೆಡ್ಜೇ ನಿಮ್ಮ ಶಕ್ತಿ." ಈ ವಾಕ್ಯದ ಆಯಸ್ಸು ಫೀಸು ಕಟ್ಟುವವರೆಗೆ.

ಶಿವಮೊಗ್ಗದ ಕಡೆಯ ಒಬ್ಬ ಹುಡುಗಿಯ ವಿಷಯ ಕೇಳಿ. ಓದಿದ್ದು ಬಾಟನಿ. ಕಾಡಿನಲ್ಲಿ ಓಡಾಡಿ, ಗಿಡ ಒಣಗಿಸಿ ಹಾಳೆಗೆ ಅಂಟಿಸಿ, ಕುಲ ಗೋತ್ರ ಬರೆದಿಟ್ಟವಳು. ಬಾಟನಿಯಲ್ಲಿ ಏನಿದೆ ಅಂತ ಮನೆಯವರೆಲ್ಲ ಸೇರಿ ಬಿಡಿಸಿ, ಸಾಲ ಮಾಡಿ ಬೆಂಗಳೂರಿಗೆ ಕಳಿಸಿದರು. ಎರಡನೇ ವಾರ ಮೇಷ್ಟ್ರು ಐರಿಸ್ ಹೂವಿನ ಫೈಲು ತೆರೆದರು. 150 ಹೂ, ಮೂರು ಜಾತಿ, ಒಂದೊಂದರಲ್ಲಿ 50. ದಳದ ಉದ್ದ ಅಗಲ, ಪುಷ್ಪಪತ್ರದ (ಸೆಪಲ್) ಉದ್ದ ಅಗಲ. ಎಡ್ಗರ್ ಆಂಡರ್ಸನ್ ಅನ್ನುವ ಸಸ್ಯಶಾಸ್ತ್ರಿ ಅಳೆದು ಬರೆದಿಟ್ಟಿದ್ದು ಅದು. ರೊನಾಲ್ಡ್ ಫಿಶರ್ 1936ರಲ್ಲಿ ಅದನ್ನಿಟ್ಟುಕೊಂಡು ಒಂದು ಲೇಖನ ಬರೆದ. ಅವತ್ತಿನಿಂದ ಜಗತ್ತಿನ ಎಲ್ಲಾ ಕ್ಲಾಸುಗಳಲ್ಲೂ ಆ ಹೂವನ್ನೇ ಬಿಡಿಸುತ್ತಿದ್ದಾರೆ. ಅಂದರೆ ಬಾಟನಿ ಬಿಟ್ಟು ಸಾಲ ಮಾಡಿಕೊಂಡು ಬಂದವಳಿಗೆ ಮೊದಲು ಕಲಿಸಿದ್ದು ಬಾಟನಿ. ಅದೂ ಬಾಟನಿ ಗೊತ್ತಿಲ್ಲದವರು.

ಹಿಂದಿನ ಬೆಂಚಿನ ಸಿವಿಲ್ ಹುಡುಗ "ಸರ್, ಸೆಪಲ್ ಅಂದ್ರೆ ಏನು?" ಅಂದ. "ಅದು ಮೊದಲನೇ ಕಾಲಂ" ಅಂದರು ಮೇಷ್ಟ್ರು. ಇವಳು ಕೈ ಎತ್ತಿದಳು. ಮೊಗ್ಗನ್ನು ಹೊರಗಿಂದ ಕಾಯುವ ಭಾಗ ಅದು, ಐರಿಸ್‌ನಲ್ಲಿ ಅದೇ ದಳಕ್ಕಿಂತ ದೊಡ್ಡದಾಗಿ ಬಣ್ಣ ಕಟ್ಟಿರುತ್ತದೆ ಅಂತ ಹೇಳಲು ಹೋದಳು. "ಅಷ್ಟು ಡೀಪ್ ಬೇಡಮ್ಮಾ, ಇಂಟರ್‌ವ್ಯೂನಲ್ಲಿ ಕೇಳಲ್ಲ."

ಹಾಗಂತ ಬೇರೆ ಏನೋ ಓದಿದವರು ಈ ವಿದ್ಯೆಗೆ ಬರಬಾರದು ಅಂತಲ್ಲ. ಕಟ್ಟಿದವರೇ ಅವರು. ವಿಲಿಯಂ ಗೋಸೆಟ್ ಕೆಮಿಸ್ಟ್ರಿ ಓದಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಗೆ ಸೇರಿದವನು. ನಾಲ್ಕೈದು ಸ್ಯಾಂಪಲ್ ನೋಡಿ ಇಡೀ ರಾಶಿಯ ಬಗ್ಗೆ ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನುವುದು ಅವನ ತಲೆನೋವು. ಅದಕ್ಕೆ ಉತ್ತರ ಹುಡುಕಿ 1908ರಲ್ಲಿ ಪ್ರಕಟಿಸಿದ. ಕಂಪನಿಯವರು ಸ್ವಂತ ಹೆಸರಿನಲ್ಲಿ ಬರೆಯಲು ಬಿಡದಿದ್ದರಿಂದ 'ಸ್ಟೂಡೆಂಟ್' ಅಂತ ಹಾಕಿಕೊಂಡ. ಟಿ-ಟೆಸ್ಟ್ ಅಂತ ಇವತ್ತು ಕಲಿಸುವುದು ಅದನ್ನೇ. ಈಗಿನ ಕಾಲದವನಾಗಿದ್ದರೆ ಲಿಂಕ್ಡ್‌ಇನ್‌ನಲ್ಲಿ ರಾಕೆಟ್ ಚಿತ್ರ ಹಾಕಿ "ನನ್ನ ಟ್ರಾನ್ಸಿಷನ್ ಜರ್ನಿ" ಅಂತ ಬರೆಯುವುದರಲ್ಲೇ ಬಾರ್ಲಿ ಮೊಳಕೆ ಒಡೆದು ಹೋಗುತ್ತಿತ್ತು.

ಅಷ್ಟು ದೂರ ಯಾಕೆ, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನೇ ತಗೊಳ್ಳಿ. ಗಣಿತದಲ್ಲಿ ಎಂ.ಎ. ಮಾಡಿ, ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಹೋದರು. ಹೋದ ಕೆಲಸ ಸಿಗಲಿಲ್ಲ. ಅಲ್ಲೇ ಇದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಅದನ್ನು ಕಟ್ಟಿದ ಮಹಾಲನೋಬಿಸ್ ಕೂಡ ಓದಿದ್ದು ಭೌತಶಾಸ್ತ್ರ. ರಾವ್ ಅವರು 1945ರಲ್ಲಿ ಬರೆದ ಲೇಖನದಿಂದ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಅಂತ ಹೇಳುವ ಕ್ರೇಮರ್-ರಾವ್ ಸೂತ್ರ ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಸೇರಿತು. 2023ರಲ್ಲಿ, 102ರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಇವತ್ತು ಅವರ ರೆಸ್ಯೂಮೆಯನ್ನು ಎಚ್‌ಆರ್ ಸಾಫ್ಟ್‌ವೇರ್ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಎತ್ತಿಡುತ್ತಿತ್ತು. ಬರೆದ ಕೋಡ್ ತೋರಿಸಲು ಗಿಟ್‌ಹಬ್ ಇಲ್ಲ. ಡ್ಯಾಶ್‌ಬೋರ್ಡ್ ಇಲ್ಲ. ಟೈಟಾನಿಕ್ ಪ್ರಾಜೆಕ್ಟ್ ಕೂಡ ಇಲ್ಲ.

ಅವರ ಸೂತ್ರವನ್ನು ಈ ಕೋರ್ಸುಗಳಲ್ಲಿ ಹೇಳಿಕೊಡುವುದೂ ಇಲ್ಲ. ಅದು ಗಣಿತ. 'ಮ್ಯಾಥ್ಸ್ ಬೇಡ, ಕೋಡಿಂಗ್ ಬೇಡ' ಅಂತ ಫ್ಲೆಕ್ಸ್‌ನಲ್ಲೇ ಮಾತು ಕೊಟ್ಟಿದ್ದಾರೆ, ತಪ್ಪಲಾಗುತ್ತದೆಯೇ? ಗಣಿತವೂ ಬೇಡ, ಕೋಡಿಂಗೂ ಬೇಡ ಅಂದಮೇಲೆ ಡೇಟಾ ಸೈನ್ಸ್‌ನಲ್ಲಿ ಉಳಿಯುವುದು ಏನು ಅಂತ ನಾನೂ ಯೋಚಿಸಿದೆ. ಇಎಂಐ ಉಳಿಯುತ್ತದೆ.

ಇಎಂಐ ಬಗ್ಗೆ ಸ್ವಲ್ಪ ಹೇಳಲೇಬೇಕು. 'ನೋ ಕಾಸ್ಟ್' ಅಂತ ಅದರ ಹೆಸರು. ಸಹಿ ಹಾಕಿಸಿಕೊಳ್ಳುವುದು ಇನ್‌ಸ್ಟಿಟ್ಯೂಟ್‌ನಲ್ಲೇ ಆದರೂ ಸಾಲ ಕೊಡುವವರು ಬೇರೆ ಫೈನಾನ್ಸ್ ಕಂಪನಿಯವರು. ಕೋರ್ಸ್ ನಿಂತರೂ, ಮೇಷ್ಟ್ರು ಬದಲಾದರೂ, ಹುಡುಗ ಮೂರನೇ ವಾರಕ್ಕೇ ಊರಿಗೆ ಬಂದು ಅಡಿಕೆ ಸುಲಿಯುತ್ತಾ ಕೂತರೂ, ತಿಂಗಳ ಐದನೇ ತಾರೀಕು ಕಂತು ತಾನಾಗಿ ಕಟ್ ಆಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಭವಿಷ್ಯವನ್ನು ಕರಾರುವಾಕ್ಕಾಗಿ ಹೇಳುವ ಮಾಡೆಲ್ ಅದೊಂದೇ.

ಇನ್ನು 'ಜಾಬ್ ಗ್ಯಾರಂಟಿ'. ಕರ್ನಾಟಕದವರಿಗೆ ಗ್ಯಾರಂಟಿ ಹೊಸದಲ್ಲ. ಸರ್ಕಾರದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರ ಖಾತೆಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆ ಗ್ಯಾರಂಟಿಯಲ್ಲಿ ದುಡ್ಡು ಖಾತೆಗೆ ಬರಬೇಕು, ಈ ಗ್ಯಾರಂಟಿಯಲ್ಲಿ ಖಾತೆಯಿಂದ ಹೋಗಬೇಕು. ವ್ಯತ್ಯಾಸ ಅಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು ಇರುತ್ತವೆ. ಒಂದು ಕ್ಲಾಸೂ ತಪ್ಪಿಸಬಾರದು. ಎಲ್ಲಾ ಅಸೈನ್‌ಮೆಂಟ್ ಹೊತ್ತಿಗೆ ಸರಿಯಾಗಿ ಕೊಟ್ಟಿರಬೇಕು. ಯಾವ ಊರಿಗೆ, ಯಾವ ಸಂಬಳಕ್ಕೆ ಕರೆದರೂ ಬೇಡ ಅನ್ನಬಾರದು. ಇಷ್ಟೆಲ್ಲ ಶಿಸ್ತು ಇರುವ ಹುಡುಗನಿಗೆ ಇವರ ಸಹಾಯ ಇಲ್ಲದೆಯೇ ಕೆಲಸ ಸಿಗುತ್ತಿತ್ತು.

ಕೋರ್ಸ್ ಮುಗಿಯುವ ಹೊತ್ತಿಗೆ ರೆಸ್ಯೂಮೆ ವರ್ಕ್‌ಶಾಪ್. ನಮ್ಮ ಪಶುವೈದ್ಯ ನೆನಪಿದ್ದಾನಲ್ವಾ? ಸೇರುವಾಗ ಅವನ ಡೊಮೈನೇ ಅವನ ಶಕ್ತಿಯಾಗಿತ್ತು. ಈಗ ಅದು 'ಗ್ಯಾಪ್'. ನಾಲ್ಕು ವರ್ಷ ಹಟ್ಟಿ ಹಟ್ಟಿ ಸುತ್ತಿ ಹಸು ನೋಡಿದ್ದನ್ನು ಕಾಣದ ಹಾಗೆ ಬರೆಯಬೇಕು. ಯೋಚಿಸಿ ಯೋಚಿಸಿ "ಮಾತಾಡದ ಸ್ಟೇಕ್‌ಹೋಲ್ಡರ್‌ಗಳ ಜೊತೆ ಕೆಲಸ ಮಾಡಿದ ಅನುಭವ" ಅಂತ ಬರೆದರಂತೆ. ಪ್ರಾಜೆಕ್ಟ್ ಕಾಲಂನಲ್ಲಿ ಟೈಟಾನಿಕ್.

ಅದೇ ಹೊತ್ತಿಗೆ ಅವನ ಊರಿನ ಡೇರಿಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ರತಿ ಮನೆಯ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಅಳೆದು ಬರೆದುಕೊಳ್ಳುತ್ತಿದ್ದಾರೆ. ಯಾರ ಮನೆಯ ಹಾಲು ದಿಢೀರ್ ಅಂತ ಇಳಿಯಿತು, ಅದು ನೀರು ಬೆರೆಸಿದ್ದೋ ಕೆಚ್ಚಲು ಬಾವು ಶುರುವಾಗಿದ್ದೋ ಅಂತ ಆ ಅಂಕಿ ನೋಡಿ ಅನುಮಾನಪಡಬೇಕಾದರೆ ಹಸುವಿನ ಕೆಚ್ಚಲಿಗೆ ಕೈ ಹಾಕಿ ಗೊತ್ತಿರಬೇಕು. ಗೊತ್ತಿದ್ದವನು ಬಿಟಿಎಂ ಲೇಔಟ್‌ನಲ್ಲಿ ಅಟ್ಲಾಂಟಿಕ್ ಸಾಗರ ನೋಡುತ್ತಿದ್ದಾನೆ. ಡೇರಿಯ ಅಂಕಿಗಳನ್ನು ನೋಡಲು ಬೆಂಗಳೂರಿನಿಂದ ಒಬ್ಬ ಡೇಟಾ ಸೈಂಟಿಸ್ಟ್ ಬರುತ್ತಾನೆ. ಅವನು ಓದಿದ್ದು ಏರೋನಾಟಿಕಲ್.

ಸಿವಿಲ್‌ನವರ ಕತೆಯೂ ಇಷ್ಟೇ. ಈಜಿಪುರದ ಮೇಲ್ಸೇತುವೆ ಕೆಲಸ ಶುರುವಾಗಿದ್ದು 2017ರಲ್ಲಿ. ಆಮೇಲೆ ಎಷ್ಟೋ ವರ್ಷ ಬರೀ ಕಂಬಗಳು ಆಕಾಶ ನೋಡುತ್ತಾ ನಿಂತವು. ಕಟ್ಟಬೇಕಾದವರೆಲ್ಲ ಅದು ಯಾವತ್ತು ಮುಗಿಯಬಹುದು ಅಂತ ಹೇಳುವ ಮಾಡೆಲ್ ಮಾಡಲು ಹೋಗಿದ್ದಾರೆ ಅಂತ ಕಾಣುತ್ತದೆ.

ಇಷ್ಟರ ಮೇಲೂ ಕೆಲವರಿಗೆ ಕೆಲಸ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಹೋದಮೇಲೆ ಗೊತ್ತಾಗುತ್ತದೆ, ದಿನದ ಮುಕ್ಕಾಲು ಭಾಗ ಎಕ್ಸೆಲ್ ಶೀಟು ತೊಳೆಯುವ ಕೆಲಸ. ಒಂದೇ ಊರನ್ನು ಒಬ್ಬರು ಬೆಂಗಳೂರು ಅಂತ, ಇನ್ನೊಬ್ಬರು ಬ್ಯಾಂಗಲೋರ್ ಅಂತ, ಮತ್ತೊಬ್ಬರು ಬಿಎಲ್‌ಆರ್ ಅಂತ ತುಂಬಿರುತ್ತಾರೆ. 03/04 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅಂತ ಕೇಳಲು ಅದನ್ನು ಬರೆದವರು ಕಂಪನಿ ಬಿಟ್ಟು ಹೋಗಿರುತ್ತಾರೆ. ಎಲ್ಲ ತೊಳೆದು, ಒಣಗಿಸಿ, ಬಣ್ಣಬಣ್ಣದ ಗ್ರಾಫ್ ಮಾಡಿಕೊಟ್ಟರೆ ಬಾಸ್ ನೋಡಿ, "ಚೆನ್ನಾಗಿದೆ, ಆದರೆ ನಾನು ಆಗಲೇ ಡಿಸೈಡ್ ಮಾಡಿಬಿಟ್ಟೆ" ಅನ್ನುತ್ತಾರೆ.

ಈಗ ಬೋರ್ಡುಗಳು ಬದಲಾಗುತ್ತಿವೆ. ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು 2022ರ ನವೆಂಬರ್‌ನಲ್ಲಿ. ಟೈಟಾನಿಕ್ ಪ್ರಾಜೆಕ್ಟನ್ನು ಅದು ಕಾಫಿ ಆರುವ ಮುಂಚೆ ಬರೆದುಕೊಡುತ್ತದೆ. ಹಾಗಾಗಿ 'ಡೇಟಾ ಸೈನ್ಸ್' ಅನ್ನುವುದರ ಮೇಲೆ 'ಜೆನ್ ಎಐ' ಅಂತ ಸ್ಟಿಕ್ಕರ್ ಬಂತು, ಅದರ ಮೇಲೆ 'ಏಜೆಂಟಿಕ್ ಎಐ' ಅಂತ ಇನ್ನೊಂದು. ಒಳಗೆ ಮೇಷ್ಟ್ರು ಅವರೇ, ಹಡಗೂ ಅದೇ.

ಮೊನ್ನೆ ನನಗೇ ಫೋನ್ ಬಂತು. "ಸರ್, ನಿಮ್ಮ ಕ್ವಾಲಿಫಿಕೇಶನ್?"

"ಕನ್ನಡ ಎಂ.ಎ."

"ವಾವ್ ಸರ್! ಕನ್ನಡದಲ್ಲೂ ಎಐ ಬರ್ತಿದೆ. ನಿಮ್ಮ ಡೊಮೈನ್ ನಾಲೆಡ್ಜೇ…"

"ರಿಟೈರ್ ಆಗೋಕೆ ಎರಡು ವರ್ಷ ಇದೆಯಪ್ಪಾ."

"ಸೀನಿಯರ್ ರೋಲ್ ಸಿಗುತ್ತೆ ಸರ್."

ಸುಮ್ನೆ ಕೇಳಿದೆ, ನೀನು ಏನು ಓದಿದ್ದು ಅಂತ. ಮೆಕ್ಯಾನಿಕಲ್, ತುಮಕೂರಿನಲ್ಲಿ ಅಂದ. ಡೇಟಾ ಸೈನ್ಸ್ ಮಾಡಿದ್ದೀಯಾ ಅಂದೆ. "ಹೂಂ ಸರ್, ಇಲ್ಲೇ, ಹೋದ ವರ್ಷದ ಬ್ಯಾಚ್."

"ಪ್ಲೇಸ್‌ಮೆಂಟ್ ಆಯ್ತಾ?"

"ಆಯ್ತು ಸರ್. ಇಲ್ಲೇ."

ಅವರ ಫ್ಲೆಕ್ಸ್‌ನಲ್ಲಿದ್ದ 100 ಪರ್ಸೆಂಟ್ ಪ್ಲೇಸ್‌ಮೆಂಟ್ ಅರ್ಥವಾಯಿತು. ಕೋರ್ಸ್ ಬೇಡಪ್ಪಾ ಅಂದೆ. ಅವನಿಗೂ ಬೇಜಾರಾದ ಹಾಗೆ ಕಾಣಲಿಲ್ಲ. "ಪರವಾಗಿಲ್ಲ ಸರ್. ಪೀಣ್ಯದಲ್ಲಿ ಯಾರಾದ್ರೂ ಫ್ಯಾಕ್ಟರಿಯವರು ಪರಿಚಯ ಇದ್ದಾರಾ? ನಂಗೆ ಸಿಎನ್‌ಸಿ ಮಷಿನ್ ಓಡಿಸೋಕೆ ಚೆನ್ನಾಗಿ ಬರುತ್ತೆ."